ಟ್ಯಾನ್ ಮೂವತ್ತು

ಗಣಿತ ನನಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಷ್ಟಪಟ್ಟು ಓದಿ ದೊಡ್ಡ ಲೆಕ್ಕಗಾತಿಯಾದ ಹೆಂಗಸಿನ ಕಥೆ ಕೇಳಲು ಕೂತವರು ಈಗಲೇ ಎದ್ದು ಹೋಗಬಹುದು. ಗುಂಡ್ಲುಪೇಟೆ ಕಡೆಯ ನನ್ನ ತವರೂರಿನಲ್ಲಿ ಹತ್ತನೇ ಕ್ಲಾಸು ಫೇಲಾದಾಗ ಗಣಿತದ ಮೇಷ್ಟರು ಕರೆದು ಹೇಳಿದ್ದರು: "ನಾಗಲಕ್ಷ್ಮಿ, ಪ್ರಶ್ನೆಪತ್ರಿಕೆಯನ್ನೇ ನೋಡಿ ಬರೆದಿದ್ದರೂ ನಿನಗೆ ಇದಕ್ಕಿಂತ ಜಾಸ್ತಿ ಬರ್ತಿತ್ತು ಕಣಮ್ಮಿ."

ಅದಾದ ಮೇಲೆ ಚೆಂಡು ಹೂವಿನ ಹೊಲಕ್ಕೆ ಹೋದೆ. ಬೆಳಿಗ್ಗೆ ಮಂಜಿನಲ್ಲಿ ಬಗ್ಗಿದರೆ ಬಿಸಿಲು ನೆತ್ತಿಗೆ ಬರುವವರೆಗೆ ಸೊಂಟ ಎತ್ತುವಂತಿಲ್ಲ. ಹೂ ಕೊಳ್ಳುವ ಕೇರಳದ ಮೇಸ್ತ್ರಿ ಬದುವಿನ ಮೇಲೆ ನಿಂತು "ವೇಗಂ, ವೇಗಂ" ಎನ್ನುತ್ತಿದ್ದ. ಬೆರಳು ಹಳದಿಯಾಗುತ್ತಿದ್ದವು, ಉಗುರು ಕಪ್ಪಾಗುತ್ತಿದ್ದವು. ಆ ಕೈಯಲ್ಲೇ ಮದುವೆಯಾಗಿ ಚಾಮರಾಜನಗರದ ಹತ್ತಿರದ ಉಡಿಗಾಲಕ್ಕೆ ಬಂದೆ. ಅರಿಶಿನ ಹಚ್ಚುವ ಖರ್ಚು ಉಳಿಯಿತು ಎಂದು ನನ್ನ ಗಂಡ ಪುಟ್ಟಮಾದು ಇವತ್ತಿಗೂ ಹೇಳಿಕೊಂಡು ನಗುತ್ತಾನೆ.

ಪಟ್ಟಣದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನನಗೆ ಆಯಾ ಕೆಲಸ ಸಿಕ್ಕಿತು. ಆಯಾ ಎಂದರೆ ಮಕ್ಕಳನ್ನು ಎತ್ತಿ ಆಡಿಸುವುದು ಎಂದುಕೊಂಡಿದ್ದೆ. ಕಕ್ಕಸು ತೊಳೆಯುವ ಕೆಲಸ ಅದು. ಹುಡುಗರದು, ಹುಡುಗಿಯರದು, ಮೇಷ್ಟರದು. ಮಕ್ಕಳು ಬರುವ ಮೊದಲೇ ಹೋಗಿ ಬೋರ್‌ವೆಲ್ಲಿಂದ ಬಕೆಟ್ ಹೊರಬೇಕು. ಆಸಿಡ್ ಸುರಿದು ಉಜ್ಜಬೇಕು. ಆಸಿಡ್ ಹೊಗೆ ಮೂಗಿಗೆ ಹೊಕ್ಕರೆ ಮಧ್ಯಾಹ್ನದ ಮುದ್ದೆಯೂ ಆಸಿಡ್. ಗುಂಡಿ ಕಟ್ಟಿಕೊಂಡರೆ ಕೋಲು ಹಾಕಬೇಕು, ಕೋಲಿಗೆ ಬಗ್ಗದಿದ್ದರೆ ಕೈ. ಕೈಗವಸು ಬೇಕೆಂದು ಕೇಳಿದ್ದೆ. ಕೊಟ್ಟರು. ಎರಡೂ ಎಡಗೈದು. ಎಡಗೈಯವಳಾಗಿ ಹುಟ್ಟದೆ ಹೋದದ್ದು ನನ್ನ ತಪ್ಪು ಎಂದುಕೊಂಡು ಸುಮ್ಮನಾದೆ.

ಅಟೆಂಡರ್ ರಿಟೈರ್ ಆದರು. ಬೆಲ್ಲು ಹೊಡೆಯುವುದು, ಫೈಲು ಒಯ್ಯುವುದು, ಬಾಗಿಲು ಬೀಗ ನೋಡುವುದು. ಆ ಕೆಲಸ ನಾನು ಮಾಡಬಲ್ಲೆ ಅನ್ನಿಸಿತು. ಬೆಲ್ಲು ಹೊಡೆಯುವುದಕ್ಕೆ ಗಣಿತ ಬೇಕಾಗಿಲ್ಲ. ಹೆಡ್‌ಮಾಸ್ಟರ್ ಶಂಭುಲಿಂಗಪ್ಪನವರ ಹತ್ತಿರ ಹೋಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದೆ.

ಅವರು ಕನ್ನಡಕ ಇಳಿಸಿ ನೋಡಿದರು. "ಎಸ್ಸೆಸ್ಸೆಲ್ಸಿ ಆಗಿರ್ಬೇಕಲ್ಲಮ್ಮ. ಸರ್ಕಾರದ ರೂಲು. ಪಾಸ್ ಮಾಡ್ಕೊಂಡ್ ಬಾ, ಆಮೇಲ್ ನೋಡನ."

ಒಳಗೆ ಕೂತಿದ್ದ ಮೇಷ್ಟರುಗಳು ನಕ್ಕರು. ಒಬ್ಬರು ಕೇಳಿದರು: "ನಾಗಲಕ್ಷ್ಮಿ, ಪೈಥಾಗೊರಸ್ ಯಾವೂರೋನು?"

"ಗೊತ್ತಿಲ್ಲ ಸಾ. ನಮ್ಮ ಕಡೆಯೋನಲ್ಲ" ಅಂದೆ.

ಇನ್ನಷ್ಟು ನಕ್ಕರು. ನಾನೂ ನಕ್ಕೆ. ದೊಡ್ಡವರು ನಕ್ಕರೆ ನನ್ನ ಮುಖ ನನ್ನನ್ನು ಕೇಳದೆ ನಗುತ್ತದೆ. ಸಿಟ್ಟು ಬಂದದ್ದು ಬಸ್ಸು ಹತ್ತಿ, ಸೀಟು ಸಿಕ್ಕಿ, ಅರ್ಧ ದಾರಿ ಬಂದ ಮೇಲೆ. ನನಗೆ ಎಲ್ಲವೂ ನಿಧಾನವಾಗಿಯೇ ಹತ್ತುವುದು.

ಮನೆಗೆ ಬಂದವಳೇ ನಾದಿನಿ ಭವ್ಯಳಿಗೆ ಹೇಳಿದೆ. ಅವಳು ಚಾಮರಾಜನಗರದಲ್ಲಿ ಬಿ.ಎಸ್ಸಿ. ಓದುತ್ತಾಳೆ. ನಮ್ಮ ಮನೆಯಲ್ಲಿ ನಾಲಿಗೆ ಮತ್ತು ಬುದ್ಧಿ ಎರಡೂ ಹರಿತವಾಗಿರುವುದು ಅವಳೊಬ್ಬಳಿಗೇ.

"ಪ್ರೈವೇಟಾಗ್ ಕಟ್ಬುಡು ಅತ್ಗೆ. ನಾನ್ ಏಳ್ಕೊಡ್ತೀನಿ."

"ಗಣಿತ ಅದೆ ಕಣಮ್ಮಿ."

"ಗಣಿತ ಏನು ಉಲೀನಾ, ತಿನ್ನಾಕೆ? ಕೂತ್ಕೊ."

ಕೂತೆ. ಅತ್ತೆ ಮಾದಮ್ಮ ಸೊಪ್ಪು ಸೋಸುತ್ತ ಎದುರಿಗೆ ಕೂತರು. ನನ್ನ ಅವಮಾನಕ್ಕೆ ಸಾಕ್ಷಿ ಬೇಕಿತ್ತು, ಅದೂ ಆಯಿತು.

ಭವ್ಯ ಸ್ಲೇಟಿನ ಮೇಲೆ ಬರೆದಳು. ಎರಡು ಎಕ್ಸ್, ಕೂಡಿಸು ಐದು, ಸಮ ಹದಿನೇಳು.

"ಎಕ್ಸು ಅಂದ್ರೆ ಯಾರು?" ಅಂದೆ.

"ನಮಗ್ ಗೊತ್ತಿಲ್ದಿರೋ ಒಂದು ಸಂಖ್ಯೆ."

"ಗೊತ್ತಿಲ್ದೆ ಇರೋದ್ನ ಯಾಕಮ್ಮಿ ಬರ್ಕೋಬೇಕು?"

"ಗೊತ್ತಾಗ್ಲಿ ಅಂತ. ಈಗ ಐದನ್ನ ಆಚೆ ಕಡೀಕ್ ಕಳ್ಸು."

ಕಳಿಸಿದೆ. ಹದಿನೇಳಕ್ಕೆ ಐದು ಸೇರಿ ಇಪ್ಪತ್ತೆರಡಾಯಿತು. ಅರ್ಧ ಮಾಡಿದೆ. ಎಕ್ಸು ಹನ್ನೊಂದು. ನನಗೆ ಖುಷಿಯಾಯಿತು. ಭವ್ಯ ತಲೆ ಚಚ್ಚಿಕೊಂಡಳು.

"ಸಮ ಚಿಹ್ನೆ ದಾಟಿದ್ರೆ ಕೂಡೋದು ಕಳೆಯೋದಾಗ್ತದೆ ಅತ್ಗೆ."

"ಯಾಕೆ? ಅದೇ ಐದು ತಾನೆ?"

ಎದುರಿನಿಂದ ಅತ್ತೆ ಅಂದರು: "ನಮ್ಮೂರಲ್ಲಿ ನಡುಬೀದಿ ದಾಟ್ದಂಗೆ ಕಣವ್ವ. ಈಚೆಗಿದ್ರೆ ನೀನು ನಾಗಲಕ್ಷ್ಮಿ. ಆಚೆ ದೊಡ್ಡೋರ್ ಬೀದೀಗೋದ್ರೆ 'ಏ ಅಮ್ಮಿ, ಬಾ ಇಲ್ಲಿ.'"

ಭವ್ಯ ನಗಲಿಲ್ಲ. ಸೊಪ್ಪು ತೂಗುವ ತಕ್ಕಡಿ ತಂದು, ಎರಡೂ ಕಡೆಗೆ ಕಲ್ಲಿಟ್ಟು, ಎರಡೂ ಕಡೆಯಿಂದ ಐದೈದು ತೆಗೆದು ತೋರಿಸಿದಳು. "ದಾಟೋದು ಗೀಟೋದು ಏನಿಲ್ಲ. ಎರಡೂ ಕಡೇಲೂ ಸಮನಾಗ್ ತಗೀಬೇಕು. ಒಂದ್ ಕಡೀಕ್ ಮಾತ್ರ ಮಾಡುದ್ರೆ ತಕ್ಕಡಿ ಬೀಳ್ತದೆ." ಹದಿನೇಳರಲ್ಲಿ ಐದು ಹೋಗಿ ಹನ್ನೆರಡು. ಎರಡು ಎಕ್ಸ್ ಹನ್ನೆರಡಾದರೆ ಒಂದು ಎಕ್ಸ್ ಆರು. ತಿರುಗಿಸಿ ಹಾಕಿ ನೋಡಿದೆ. ಎರಡಾರಲ ಹನ್ನೆರಡು, ಐದು ಸೇರಿ ಹದಿನೇಳು. ಸರಿಯಾಗಿತ್ತು. ನನ್ನ ಕೈಯಲ್ಲಿ ಒಂದು ಲೆಕ್ಕ ಸರಿಯಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಸ್ಲೇಟು ಒರೆಸಲು ಮನಸ್ಸಾಗಲಿಲ್ಲ. ಅತ್ತೆ ಅದರ ಮೇಲೆ ಬೆಳ್ಳುಳ್ಳಿ ಸಿಪ್ಪೆ ಸುರಿದರು.

ಬೀಜಗಣಿತ ಹೇಗೋ ದಾಟಿದೆ. ತ್ರಿಕೋನಮಿತಿಯಲ್ಲಿ ಸಿಕ್ಕಿಹಾಕಿಕೊಂಡೆ. ಗೋಪುರ ಇದೆ, ಹತ್ತಬಾರದು, ಮುಟ್ಟಬಾರದು. ದೂರ ನಿಂತು ತಲೆ ಎತ್ತಿ ನೋಡಿ ಎತ್ತರ ಹೇಳಬೇಕು. ದೂರ ನಿಂತು ಗೋಪುರ ನೋಡುವುದರಲ್ಲಿ ನಮ್ಮ ಬೀದಿಯವರಿಗೆ ಇರುವ ಅನುಭವ ಯಾರಿಗಿದೆ? ಆದರೂ ನನ್ನ ತಲೆಗೆ ಹತ್ತಲಿಲ್ಲ. ಸೈನು, ಕಾಸು, ಟ್ಯಾನು ಎಲ್ಲ ಒಂದೇ ಬಣ್ಣದ ಕೋಳಿಮರಿಗಳ ಹಾಗೆ ಕಾಣುತ್ತಿದ್ದವು.

"ಬಾಯಿಪಾಠ ಮಾಡ್ಬುಡು. ಕೆಲಸ ಮಾಡ್ತಾ ಏಳ್ಕೊ" ಎಂದಳು ಭವ್ಯ.

ಹಾಗೇ ಮಾಡಿದೆ. ಕಕ್ಕಸು ಉಜ್ಜುತ್ತ ಹೇಳುತ್ತಿದ್ದೆ. ಟ್ಯಾನ್ ಸೊನ್ನೆ ಸೊನ್ನೆ. ಟ್ಯಾನ್ ಮೂವತ್ತು, ಒಂದು ಬೈ ರೂಟ್ ಮೂರು. ಟ್ಯಾನ್ ನಲವತ್ತೈದು ಒಂದು. ಬ್ರಷ್ಷಿನ ಎಳೆತಕ್ಕೆ ಒಂದೊಂದು. ಟ್ಯಾನ್ ಅರವತ್ತಕ್ಕೆ ಬರುವಷ್ಟರಲ್ಲಿ ಒಂದು ಗುಂಡಿ ಬೆಳ್ಳಗಾಗುತ್ತಿತ್ತು. ಫಿನಾಯಿಲಿನ ಬೆರಳಲ್ಲಿ ಟೈಲ್ಸಿನ ಗೋಡೆಯ ಮೇಲೆ ತ್ರಿಭುಜ ಬರೆಯುತ್ತಿದ್ದೆ. ಒಣಗುವ ಮೊದಲು ಉತ್ತರ ಬರಬೇಕು. ಬರುತ್ತಿರಲಿಲ್ಲ, ತ್ರಿಭುಜವೇ ಮೊದಲು ಹೋಗುತ್ತಿತ್ತು. ಒಳಗಿದ್ದ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಸ್ಟಾಫ್ ರೂಮಿಗೂ ಸುದ್ದಿ ಹೋಯಿತು. ನಾನು ಕಾರಿಡಾರಿನಲ್ಲಿ ಬಕೆಟ್ ಹಿಡಿದು ಹೋದರೆ ಒಬ್ಬರಲ್ಲ ಒಬ್ಬರು, "ಟ್ಯಾನ್ ತೊಂಬತ್ತು ಎಷ್ಟಮ್ಮ?" ಅನ್ನುವರು.

"ಅದಕ್ಕೆ ಬೆಲೇನೇ ಇಲ್ವಂತೆ ಸಾ" ಅನ್ನುತ್ತಿದ್ದೆ. ಇದೊಂದು ಮಾತ್ರ ನನಗೆ ಚೆನ್ನಾಗಿ ಅರ್ಥವಾಗಿತ್ತು.

ಪರೀಕ್ಷೆ ಬಂತು. ಖಾಸಗಿ ಅಭ್ಯರ್ಥಿಗಳ ಕೇಂದ್ರ ನಾನು ಕೆಲಸ ಮಾಡುವ ಶಾಲೆಗೇ ಬಿತ್ತು. ಪರೀಕ್ಷೆಯ ದಿನಗಳಿಗೆಲ್ಲ ರಜೆ ಬರೆದುಕೊಟ್ಟೆ. ಹೆಡ್‌ಮಾಸ್ಟರ್ ಸಹಿ ಹಾಕಿದರು. ಬದಲಿಗೆ ಬೇರೆಯವರನ್ನು ಕರೆಸುತ್ತೇನೆ ಅಂದರು. ಕನ್ನಡ, ಸಮಾಜ ಸುಸೂತ್ರವಾಗಿ ಆದವು. ಗಣಿತದ ದಿನ ಮದುವೆಯ ಸೀರೆ ಉಟ್ಟು ಹೋದೆ. ಭವ್ಯ ಬೈದಳು. ಫೇಲಾಗುವುದಾದರೆ ಚೆನ್ನಾಗಿ ಕಾಣುತ್ತ ಫೇಲಾಗುತ್ತೇನೆ ಅಂದೆ.

ಕೊಠಡಿಯಲ್ಲಿ ನನ್ನ ಪಕ್ಕದ ಬೆಂಚಿನವರೆಲ್ಲ ಹದಿನೇಳು ಹದಿನೆಂಟರ ಮಕ್ಕಳು. ಗೋಡೆಯ ಮೂಲೆಯಲ್ಲಿ ಕ್ಯಾಮೆರಾ. ಮೇಲ್ವಿಚಾರಣೆಗೆ ಬೇರೆ ಶಾಲೆಯಿಂದ ಬಂದಿದ್ದ ಶಾಂತರಾಜು ಎಂಬ ಮೇಷ್ಟರು. ಪ್ರಶ್ನೆಪತ್ರಿಕೆ ಕೊಟ್ಟರು. ಸಮೀಕರಣ ಇತ್ತು. ಎರಡೂ ಕಡೆಯಿಂದ ಸಮನಾಗಿ ತೆಗೆದೆ. ಸಮಾಂತರ ಶ್ರೇಢಿ ಇತ್ತು. ಸೂತ್ರ ನೆನಪಿತ್ತು, ಬರೆದೆ. ಆಮೇಲೆ ಗೋಪುರ ಬಂತು.

ಗೋಪುರದ ಪಾದದಿಂದ ಮೂವತ್ತು ಮೀಟರ್ ದೂರದಲ್ಲಿ ನಿಂತು ನೋಡಿದರೆ ತುದಿಯ ಉನ್ನತ ಕೋನ ಮೂವತ್ತು ಡಿಗ್ರಿ. ಎತ್ತರ ಎಷ್ಟು?

ಮೊದಲು ಚಿತ್ರ. ಗೋಪುರ ನಿಲ್ಲಿಸಿದೆ, ನೆಲ ಎಳೆದೆ, ಕಣ್ಣಿನಿಂದ ತುದಿಗೆ ಓರೆ ಗೆರೆ ಹಾಕಿದೆ. ಗೋಪುರ ಕೋನಕ್ಕೆ ಎದುರಿನ ಬಾಹು, ಅದು ಎಚ್. ನೆಲ ಪಕ್ಕದ ಬಾಹು, ಅದು ಮೂವತ್ತು. ಎದುರು, ಪಕ್ಕ ಎರಡೂ ಇದ್ದರೆ ಟ್ಯಾನು. ಟ್ಯಾನ್ ಮೂವತ್ತು ಸಮ ಎಚ್ ಬೈ ಮೂವತ್ತು. ಟ್ಯಾನ್ ಮೂವತ್ತರ ಬೆಲೆ ನೆನಪು ಮಾಡಿಕೊಳ್ಳಲು ಬಲಗೈ ಬ್ರಷ್ ಎಳೆದ ಹಾಗೆ ಡೆಸ್ಕಿನ ಮೇಲೆ ಆಡಿತು. ಒಂದು ಬೈ ರೂಟ್ ಮೂರು. ಬರೆದೆ. ಎಚ್ ಸಮ ಮೂವತ್ತು ಬೈ ರೂಟ್ ಮೂರು.

"ನಾಗಲಕ್ಷ್ಮಿ. ಬಾ ಇಲ್ಲಿ."

ಬಾಗಿಲಲ್ಲಿ ಹೆಡ್‌ಮಾಸ್ಟರ್ ನಿಂತಿದ್ದರು. ಬೆವರಿದ್ದರು. ಅವರ ಹಿಂದಿನಿಂದ ವಾಸನೆ ಬಂತು. ನನಗೆ ಪರಿಚಯದ ವಾಸನೆ. ಹುಡುಗಿಯರ ಕಕ್ಕಸು ಕಟ್ಟಿಕೊಂಡು ಕಾರಿಡಾರಿಗೆ ಹರಿದಿದೆ ಎಂದು ಅವರು ಹೇಳುವ ಮೊದಲೇ ಗೊತ್ತಾಯಿತು.

"ಬದ್ಲಿ ಹೆಂಗ್ಸು ಕೈ ಕೊಟ್ಬುಟ್ಲು. ಬಿಇಒ ಸಾಹೇಬ್ರು ಸೆಂಟರ್ ನೋಡೋಕ್ ಬರ್ತಾವ್ರೆ. ಹತ್ ನಿಮಿಷ ಅಷ್ಟೆ. ನೀರ್ ಹೊಡ್ದು ಬಂದು ಬರಿ."

ನಾನು ಎದ್ದು ನಿಂತೆ. ಇದನ್ನು ಹೇಳಲೇಬೇಕು. ವೀರನಾರಿಯ ಹಾಗೆ ಕೂತಿರಲಿಲ್ಲ. ಹೆಡ್‌ಮಾಸ್ಟರ ಮಾತು ನನಗಿಂತ ಮುಂಚೆ ನನ್ನ ಮೊಣಕಾಲಿಗೆ ಅರ್ಥವಾಗುತ್ತದೆ. ಮದುವೆ ಸೀರೆಯ ನೆರಿಗೆಯನ್ನೂ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಮಕ್ಕಳು ನೋಡುತ್ತಿದ್ದರು. ಮುಂದಿನ ಬೆಂಚಿನ ಹುಡುಗಿ ನಾನು ದಾಟಿಹೋಗಲಿ ಎಂದು ಕಾಲು ಒಳಗೆ ಎಳೆದುಕೊಂಡು, ಮೂಗಿಗೆ ವೇಲು ಹಿಡಿದಳು. ವಾಸನೆ ಕಾರಿಡಾರಿನದು. ಅವಳು ನೋಡಿದ್ದು ನನ್ನನ್ನು.

ಶಾಂತರಾಜು ಮೇಷ್ಟರು ಮೆಲ್ಲಗೆ ಅಂದರು: "ಸಾರ್, ಅಭ್ಯರ್ಥಿ ಅವ್ರು. ಪರೀಕ್ಷೆ ನಡೀತಿದೆ."

"ನಮ್ ಆಯಾ ಕಣ್ರೀ" ಎಂದರು ಹೆಡ್‌ಮಾಸ್ಟರ್. ಒಳಗೆ ಬಂದು ನನ್ನ ಉತ್ತರಪತ್ರಿಕೆಯ ಮೇಲೆ ಕಣ್ಣಾಡಿಸಿದರು. "ಇನ್ನೂ ಟ್ಯಾನ್ ಮೂವತ್ತರಲ್ಲೇ ಇದ್ದೀಯಾ? ನಡಿ ನಡಿ. ಹೆಂಗಿದ್ರೂ..."

ಹೆಂಗಿದ್ರೂ ಏನು ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನ್ನ ಬಗ್ಗೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಆದರೆ ಅದನ್ನು ನಾನು ಹೇಳಿಕೊಳ್ಳಬೇಕು. ಅವರಲ್ಲ.

ಕೂತೆ.

"ಲೆಕ್ಕ ಅರ್ಧದಲ್ ಅದೆ ಸಾ."

"ಲೆಕ್ಕ ಎಲ್ಲಿಗೂ ಓಡೋಗಲ್ಲ ಕಣಮ್ಮ."

"ಕಕ್ಕಸ್ಸೂ ಎಲ್ಲಿಗೂ ಓಡೋಗಲ್ಲ ಸಾ."

ಹಿಂದೆ ಯಾರೋ ನಕ್ಕರು. ಹೆಡ್‌ಮಾಸ್ಟರ ಮುಖ ಕೆಂಪಗಾಯಿತು. ದನಿ ಇಳಿಸಿದರು. "ಏಳ್ತೀಯೋ, ನಾಳೆಯಿಂದ ಗೇಟಿನ್ ಹೊರಗೇ ಇರ್ತೀಯೋ?"

"ಇವತ್ತು ನಾನು ಕೆಲ್ಸಕ್ ಬಂದಿಲ್ಲ ಸಾ. ಪರೀಕ್ಷೆಗ್ ಬಂದಿದ್ದೀನಿ. ರಜಕ್ಕೆ ನೀವೇ ಸೈನ್ ಮಾಡಿದ್ದೀರಿ."

ಇಷ್ಟು ಹೇಳಿ ಸೊಂಟಕ್ಕೆ ಸಿಕ್ಕಿಸಿದ್ದ ನೆರಿಗೆ ಕೆಳಗೆ ಬಿಟ್ಟೆ, ಪೆನ್ನು ಎತ್ತಿಕೊಂಡೆ. ಶಾಂತರಾಜು ಮೇಷ್ಟರು ಮೂಲೆಯ ಕ್ಯಾಮೆರಾ ನೋಡಿದರು. ಹೆಡ್‌ಮಾಸ್ಟರೂ ನೋಡಿದರು. ಆಮೇಲೆ ಅವರು ಹೊರಗೆ ಹೋದರು.

ಸಾಹೇಬರು ಬಂದರು. ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲಿ ಇಣುಕಿದರು. "ಆಯಾ ಪರೀಕ್ಷೆ ಬರೀತಾ ಕೂತವ್ಳೆ ಸಾರ್" ಎಂದು ಹೆಡ್‌ಮಾಸ್ಟರ್ ನನ್ನ ಕಡೆ ಬೆರಳು ತೋರಿಸಿದರು. "ಬೇರೆಯವರನ್ನ ಇಟ್ಕೋಬೇಕು ತಾನೇ" ಎಂದು ಸಾಹೇಬರು ಹೋದರು. ನನ್ನ ಪರವಾಗಿ ಯಾರೂ ಏನೂ ಅನ್ನಲಿಲ್ಲ. ಇದು ಅಂಥ ಕಥೆಯಲ್ಲ.

ಗೋಪುರಕ್ಕೆ ವಾಪಸು ಬಂದೆ. ಮೂವತ್ತು ಬೈ ರೂಟ್ ಮೂರು. ಮೇಲೆ ಕೆಳಗೆ ಎರಡನ್ನೂ ರೂಟ್ ಮೂರರಿಂದ ಗುಣಿಸಬೇಕು. ಮೇಲೆ ಮೂವತ್ತು ರೂಟ್ ಮೂರು, ಕೆಳಗೆ ಮೂರು. ಆ ಕೆಳಗಿನ ಮೂರನ್ನು ಮರೆತೆ. ಬಾಗಿಲ ಕಡೆ ಒಂದು ಕಣ್ಣಿಟ್ಟು ಬರೆಯುತ್ತಿದ್ದೆ, ಮೂರು ಬಿದ್ದುಹೋಯಿತು. ಉತ್ತರ ಮೂವತ್ತು ರೂಟ್ ಮೂರು ಎಂದು ಬರೆದು ಚೌಕ ಹಾಕಿದೆ. ಹದಿನೇಳು ಮೀಟರ್ ಚಿಲ್ಲರೆ ಇರಬೇಕಾದ ಗೋಪುರ ನನ್ನ ಕೈಯಲ್ಲಿ ಐವತ್ತು ದಾಟಿ ಎದ್ದು ನಿಂತಿತು. ಮನೆಗೆ ಬಂದು ಹೇಳಿದಾಗ ಭವ್ಯ ಅತ್ತೇಬಿಟ್ಟಳು. ಹೆಡ್‌ಮಾಸ್ಟರಿಗೆ ಎದುರು ಮಾತಾಡಿದ್ದಕ್ಕಲ್ಲ, ಮೂರು ಬಿಟ್ಟದ್ದಕ್ಕೆ.

ಗಂಡ ಎದ್ದು ಜಗಲಿಗೆ ಹೋದ. ಅತ್ತೆ ಅಂದರು. ರಾತ್ರಿ ಊಟದವರೆಗೂ ಅಂದರು. "ಉಣ್ಣೋ ಅನ್ನ ಒದ್ಕೊಂಡು ಬಂದೀಯೆ. ಅದೇನ್ ಹತ್ ನಿಮಿಷ ನೀರ್ ಒಯ್ದಿದ್ರೆ ನಿನ್ ಗೋಪುರ ಬಿದ್ದೋಗ್ತಿತ್ತಾ?" ಅವರು ತಮ್ಮ ಕಾಲದಲ್ಲಿ ಪಟ್ಟಣದ ಕಕ್ಕಸುಗಳಿಂದ ಮಲದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತವರು. ಬುಟ್ಟಿ ಸೋರಿ ಕಣ್ಣಿಗೆ ಇಳಿಯುತ್ತಿತ್ತಂತೆ.

ಉಳಿದ ಪರೀಕ್ಷೆಗಳಿಗೆ ಹಾಲ್ ಟಿಕೆಟ್ ಇದ್ದುದರಿಂದ ಗೇಟಿನ ಒಳಗೆ ಬಿಟ್ಟರು. ಆಮೇಲೆ ಬಿಡಲಿಲ್ಲ. ಅರಿಶಿನದ ಹೊಲಕ್ಕೆ ಕೂಲಿಗೆ ಹೋದೆ. ಮತ್ತೆ ಬೆರಳು ಹಳದಿಯಾದವು. ಓದಿನಿಂದ ನನಗೆ ಆಗಿದ್ದ ಲಾಭ ಅಷ್ಟು.

ಫಲಿತಾಂಶ ಬಂದಾಗ ಭವ್ಯ ಮೊಬೈಲಿನಲ್ಲಿ ನೋಡಿ, ನಂಬರು ಒತ್ತಿ ಮತ್ತೊಮ್ಮೆ ನೋಡಿದಳು. ನಾನು ಫೇಲಾದವಳ ಮುಖ ಮಾಡಿಕೊಂಡು ಸಿದ್ಧಳಾದೆ. ಅಭ್ಯಾಸವಿತ್ತು. ಪಾಸಾಗಿದ್ದೆ. ಗಣಿತದಲ್ಲಿ ಕೂದಲೆಳೆಯಲ್ಲಿ. ಗೋಪುರದ ಉತ್ತರ ತಪ್ಪಾದರೂ ಹಂತಗಳಿಗೆ ಅಂಕ ಬಂದಿರಬೇಕು ಎಂದಳು ಭವ್ಯ. ಚಿತ್ರಕ್ಕೆ, ಸೂತ್ರಕ್ಕೆ, ಬೆಲೆ ಹಾಕಿದ್ದಕ್ಕೆ. ನಮ್ಮಂಥವರಿಗೂ ಹಂತಕ್ಕಿಷ್ಟು ಎಂದು ಕೊಡುವವರು ಎಲ್ಲೋ ಒಬ್ಬರು ಇದ್ದಾರೆ, ನಮ್ಮ ಮುಖ ನೋಡದೆ ತಿದ್ದುವುದರಿಂದ ಇರಬಹುದು ಅಂದುಕೊಂಡೆ. ಅಟೆಂಡರ್ ಹುದ್ದೆಗೆ ಅರ್ಜಿ ಬರೆದು ಬಿಇಒ ಕಚೇರಿಗೆ ಕೊಟ್ಟು ಬಂದೆ. ಅದು ಇನ್ನೂ ಅಲ್ಲೇ ಇದೆ.

ಶಾಲೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಹೆಡ್‌ಮಾಸ್ಟರ್ ಉಡಿಗಾಲದ ನಮ್ಮ ಬೀದಿಗೆ ಸ್ಕೂಟರಿನಲ್ಲಿ ಬಂದರು. ಕಕ್ಕಸಿಗೆ ಜನ ಸಿಕ್ಕಿರಲಿಲ್ಲ. ಮೊದಲು ಮಲ್ಲಿಗಮ್ಮನ ಮನೆಯ ಮುಂದೆ ನಿಲ್ಲಿಸಿದರು. ಅವಳು ಸೊಂಟನೋವು ಅಂದಳಂತೆ. ಪಕ್ಕದ ಮನೆಯಲ್ಲಿ ಊರಲ್ಲಿರಲ್ಲ ಅಂದರಂತೆ. ಯಾರೂ ಸಭೆ ಮಾಡಿರಲಿಲ್ಲ, ಯಾರೂ ಘೋಷಣೆ ಕೂಗಿರಲಿಲ್ಲ. ನಾನಂತೂ ಯಾರಿಗೂ ಏನೂ ಹೇಳಿರಲಿಲ್ಲ. ಕೊನೆಗೆ ನಮ್ಮ ಬಾಗಿಲಿಗೆ ಬಂದರು. ಸ್ಕೂಟರಿನಿಂದ ಇಳಿಯಲಿಲ್ಲ, ಒಂದು ಕಾಲು ನೆಲಕ್ಕೆ ಊರಿದರು.

"ಆದದ್ ಆಗೋಯ್ತು ನಾಗಲಕ್ಷ್ಮಿ. ಅರ್ಜಿ ಗಿರ್ಜಿ ವಾಪಸ್ ತಗೊ. ನಾಳೆಯಿಂದ ಬಾ."

"ಯಾವ್ ಕೆಲ್ಸಕ್ಕೆ ಸಾ?"

"ಇನ್ಯಾವ್ದು. ಇದ್ದದ್ದೇ."

"ನಾನು ಪಾಸಾಗಿದ್ದೀನಿ. ಅಟೆಂಡರ್ ಕೆಲ್ಸ ಖಾಲಿ ಅದೆ."

ಅವರು ಹ್ಯಾಂಡಲ್ ನೋಡಿದರು. "ನೋಡಮ್ಮ, ನಂಗೇನೂ ಇಲ್ಲ. ನಾನ್ ಅಂಥೋನಲ್ಲ. ಅಟೆಂಡರ್ ಅಂದ್ರೆ ಸ್ಟಾಫ್ ರೂಮಿಗೆ ಕುಡಿಯೋ ನೀರ್ ತುಂಬ್ಬೇಕು, ಟೀ ಕೊಡ್ಬೇಕು. ಅಲ್ಲಿ ಎಲ್ಲಾ ಥರದ ಜನ ಇರ್ತಾರೆ. ನಿಂಗೇ ಗೊತ್ತಲ್ಲ."

ಗೊತ್ತಿರಲಿಲ್ಲ. ಸರ್ಕಾರದ ರೂಲು ಎಂದು ನಂಬಿದ್ದೆ. ಇದನ್ನು ಮೊದಲೇ ಹೇಳಿದ್ದರೆ ನಾನು ಟ್ಯಾನ್ ಮೂವತ್ತು ಕಲಿಯುವ ಕಷ್ಟ ತಪ್ಪುತ್ತಿತ್ತು. ಹೇಳಿದೆನಲ್ಲ, ದಡ್ಡಿ.

ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದೆ. ಅವರ ಮುಂದೆ ಹಿಡಿದೆ.

"ಬಿಸ್ಲಲ್ ಬಂದಿದ್ದೀರಿ. ತಗೊಳಿ ಸಾ. ನೀವು ಅಂಥೋರಲ್ಲ ಅಂದ್ರಲ್ಲ."

ಅವರು ಚೊಂಬು ನೋಡಿದರು, ಬೀದಿ ನೋಡಿದರು. ಮಲ್ಲಿಗಮ್ಮ ಬಾಗಿಲಿಗೆ ಬಂದಿದ್ದಳು, ಅವಳ ಸೊಂಟ ನೆಟ್ಟಗೇ ಇತ್ತು.

"ನಂಗೆ ಶುಗರ್ ಕಣಮ್ಮ" ಎಂದರು.

ಬಾಗಿಲ ಹತ್ತಿರ ಕೂತಿದ್ದ ಅತ್ತೆ ಮಾತಾಡಿದರು. ಪರೀಕ್ಷೆಯ ದಿನದಿಂದ ಅವರು ನನ್ನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. "ನೀರ್ಗೆ ಸಕ್ರೆ ಆಕಿಲ್ಲ ಸಾ."

ನಾನು ಕೈ ಇಳಿಸಲಿಲ್ಲ. ಚೊಂಬು ಭಾರವಾಗುತ್ತ ಹೋಯಿತು, ತೋಳು ಸೋತು ನೀರು ಚೆಲ್ಲಿ ನನ್ನ ಪಾದ ನೆನೆಯಿತು. ಹೆಡ್‌ಮಾಸ್ಟರ್ ಕಿಕ್ ಹೊಡೆದರು. ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಇನ್ನೊಂದು ಸಲ ಹೊಡೆದರು. ಆಯಿತು. ಬೀದಿಯ ಕೊನೆಯವರೆಗೂ ಅವರು ಹಿಂದಿರುಗಿ ನೋಡಲಿಲ್ಲ.

ಚೊಂಬಿನಲ್ಲಿ ಉಳಿದ ನೀರನ್ನು ನಾನೇ ಎತ್ತಿ ಕುಡಿದೆ. ಅವರು ಬಂದಾಗಿನಿಂದ ನನಗೇ ಬಾಯಿ ಒಣಗಿತ್ತು. ಸಾಲಲಿಲ್ಲ.

ಅತ್ತೆ ಮೊಣಕಾಲಿಗೆ ಕೈ ಊರಿ ಎದ್ದರು. ನನ್ನ ಕೈಯಿಂದ ಚೊಂಬು ಇಸಿದುಕೊಂಡು ಒಳಗೆ ಹೋಗಿ, ಮತ್ತೆ ತುಂಬಿಸಿ ತಂದು ಕೊಟ್ಟರು. ನಾನು ಆ ಮನೆಗೆ ಸೊಸೆಯಾಗಿ ಬಂದಮೇಲೆ ಅವರು ನನಗೆ ನೀರು ತಂದುಕೊಟ್ಟದ್ದು ಅದೇ ಮೊದಲು.

"ಕೂತ್ಕೊಂಡು ಕುಡಿ" ಎಂದರು.